ಸಿಎಚ್‌ಕೆ ಫೈಲ್ ತೆರೆಯುವುದು ಹೇಗೆ?

ಪ್ರಶ್ನೆ: ಪೆನ್‌ಡ್ರೈವ್‌ನಲ್ಲಿದ್ದ ಫೋಟೊಗಳು, ಮಗಳ ಪ್ರಾಜೆಕ್ಟ್ ವರದಿ ಎಲ್ಲ ಕಾಣೆಯಾಗಿವೆ. ಎರರ್ ಸರಿಪಡಿಸಲೇ ಎಂದು ವಿಂಡೋಸ್ ಕೇಳಿದಾಗ ಒಪ್ಪಿದ್ದೆ. ಈಗ ‘ಫೌಂಡ್.000’ ಎಂಬ ಫೋಲ್ಡರಿನಲ್ಲಿ ‘ಫೈಲ್0000.ಸಿಎಚ್‌ಕೆ’ ಎಂಬಂಥ ಫೈಲ್‌ಗಳು ಸಾಲಾಗಿ ಕೂತಿವೆ. ಇವನ್ನು ತೆರೆಯಲು ಯಾವ ಸಾಫ್ಟ್‌ವೇರ್ ಬೇಕು?

ಉತ್ತರ: ಹೊಸದಾಗಿ ಯಾವುದೂ ಬೇಡ. ಆ ಫೋಲ್ಡರನ್ನು ಅಳಿಸದೆ ಇಟ್ಟುಕೊಂಡಿದ್ದೀರಲ್ಲ, ಅದೇ ದೊಡ್ಡದು. ಕಸವೆಂದುಕೊಂಡು ಅಳಿಸಿದ ಮೇಲೆ ನನ್ನ ಬಳಿ ಬರುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಎರರ್ ಸರಿಪಡಿಸುವ ವಿಂಡೋಸ್‌ನ ಚೆಕ್‌ಡಿಸ್ಕ್, ಹೆಸರು ಕಳೆದುಕೊಂಡ ತುಣುಕುಗಳನ್ನು ಹೆಕ್ಕಿ ಎಲ್ಲಕ್ಕೂ ‘ಸಿಎಚ್‌ಕೆ’ ಎಂಬ ಒಂದೇ ಬಾಲ ಅಂಟಿಸಿದೆ, ಅಷ್ಟೆ. ಒಳಗಿರುವುದು ನಿಮ್ಮ ಫೋಟೊವೇ ಇರಬಹುದು.

ಮೊದಲು ಇಡೀ ಫೋಲ್ಡರನ್ನು ಕಂಪ್ಯೂಟರಿಗೆ ಕಾಪಿ ಮಾಡಿ, ಪೆನ್‌ಡ್ರೈವ್ ತೆಗೆದಿಡಿ. ಅದಕ್ಕೆ ಹೊಸದೇನನ್ನೂ ತುಂಬಬೇಡಿ. ಕಾಪಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಚಿತ್ರವಿಚಿತ್ರ ಚಿಹ್ನೆಗಳು ಬರುತ್ತವೆ. ಗಾಬರಿ ಬೇಡ, ಆರಂಭ ಮಾತ್ರ ನೋಡಿ. ಸೇವ್ ಒತ್ತಬೇಡಿ, ಒತ್ತಿದರೆ ಫೈಲ್ ಕೆಡುತ್ತದೆ. ಶುರುವಿನಲ್ಲೇ ‘ಜೆಎಫ್‌ಐಎಫ್’ ಅಥವಾ ‘ಎಕ್ಸಿಫ್’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಜೆಪೆಗ್ ಫೋಟೊ. ಶೇಕಡಾ ಚಿಹ್ನೆ, ಅದರ ಪಕ್ಕದಲ್ಲೇ ‘ಪಿಡಿಎಫ್’ ಇದ್ದರೆ ಹೇಳಬೇಕಾದ್ದೇ ಇಲ್ಲ.

ಮಗಳ ವರದಿಯನ್ನು ಹುಡುಕಬೇಕಾದ್ದು ‘ಪಿಕೆ’ ಎಂದು ಶುರುವಾಗುವ ಫೈಲ್‌ಗಳಲ್ಲಿ. ಹಲವು ಫೈಲ್‌ಗಳನ್ನು ಕುಗ್ಗಿಸಿ ಒಂದಾಗಿಸುವ ಜಿಪ್ ವಿಧಾನ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳವು. ವರ್ಡ್ 2007ರಿಂದ ಬಂದ ಡಾಕ್ಸ್ (docx) ಫೈಲ್ ಒಳಗೆ ಜಿಪ್‌ ಆಗಿಯೇ ಇರುತ್ತದೆ. ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ತೆರೆಯಿರಿ: ಒಳಗೆ ‘ವರ್ಡ್’ ಫೋಲ್ಡರ್ ಇದ್ದರೆ ಡಾಕ್ಸ್, ‘ಎಕ್ಸ್‌ಎಲ್’ ಇದ್ದರೆ ಎಕ್ಸೆಲ್ ಫೈಲ್. ಬಗೆ ಗೊತ್ತಾದ ಮೇಲೆ ಸರಿಯಾದ ಎಕ್ಸ್‌ಟೆನ್ಶನ್ (ಫೈಲ್ ಹೆಸರಿನ ಕೊನೆಯ ಬಾಲ) ಕೊಡಿ. ಇದೆಲ್ಲಕ್ಕೂ ಮುಂಚೆ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಆನ್ ಮಾಡಿಕೊಳ್ಳಿ. ಇಲ್ಲದಿದ್ದರೆ ಹಳೆಯ ಸಿಎಚ್‌ಕೆ ಮರೆಯಲ್ಲೇ ಉಳಿದು, ನೀವು ಬದಲಿಸಿದರೂ ಏನೂ ಬದಲಾಗುವುದಿಲ್ಲ.

‘ಎಂಝಡ್’ ಎಂದು ಶುರುವಾದರೆ ಅದು ವಿಂಡೋಸ್ ಪ್ರೋಗ್ರಾಂ. ಎಲ್ಲಿಂದ ಬಂತೆಂದು ಗೊತ್ತಿಲ್ಲದೆ ಅದನ್ನು ಓಡಿಸಬೇಡಿ.

ಎಲ್ಲವೂ ಇಡಿಯಾಗಿ ಸಿಗಲಾರದು. ಕೊನೆಯ ಭಾಗ ತುಂಡಾದ ಫೋಟೊ ಮೇಲರ್ಧವಾದರೂ ಕಾಣಿಸೀತು. ಡಾಕ್ಸ್ ಹಾಗಲ್ಲ: ಜಿಪ್‌ನ ಒಳಪಟ್ಟಿ ಫೈಲಿನ ಕೊನೆಯಲ್ಲಿರುವುದರಿಂದ ಅಷ್ಟು ಹೋದರೂ ವರ್ಡ್ ಅದನ್ನು ತೆರೆಯಲು ಒಪ್ಪದು. ಆಗ ಜಿಪ್ ರಿಪೇರಿ ಸೌಲಭ್ಯವಿರುವ ಸಾಫ್ಟ್‌ವೇರ್‌ನಿಂದ ಇನ್ನೊಂದು ಕಾಪಿಯ ಮೇಲೆ ಪ್ರಯತ್ನಿಸಿ.