ಸ್ಯಾಕ್ರಮೆಂಟೊ ಕಿಂಗ್ಸ್ ಓನರ್ ಮುಂಬೈಯವರಂತೆ, ಈ ಬಾಸ್ಕೆಟ್‌ಬಾಲ್ ಟೀಮಿನ ಹಿಸ್ಟರಿ ಏನು? ಯಾವಾಗ್ಲೂ ಸೋಲೋ ಟೀಮಾ?

ಹೌದು ರೀ, ವಿವೇಕ್ ರಣದಿವೆ ಮುಂಬೈಯಲ್ಲಿ ಹುಟ್ಟಿದವರೇ. ಸೋಲಿನ ವಿಷಯದಲ್ಲಂತೂ ದಾಖಲೆನೇ ಇದೆ, 2006ರ ನಂತರ ಸತತ 16 ಸೀಸನ್ ಪ್ಲೇಆಫ್ ಮುಖ ನೋಡ್ಲಿಲ್ಲ, ಎನ್‌ಬಿಎನಲ್ಲಿ (ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್) ಅಷ್ಟು ವರ್ಷ ಯಾರೂ ಹೊರಗೆ ಕೂತಿಲ್ಲ. ಆದ್ರೆ ನನಗೆ ಕೇಳಿದ್ರೆ ಇದು ಸೋತ ಕಥೆಗಿಂತ ಗುಳೇ ಹೋದ ಕಥೆ.

ಶುರುವಾಗಿದ್ದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ, ಆಗ ಹೆಸರು ರಾಯಲ್ಸ್. 1951ರಲ್ಲಿ ನ್ಯೂಯಾರ್ಕ್ ನಗರದ ಟೀಮ್ ನಿಕ್ಸ್ ವಿರುದ್ಧ ಏಳು ಮ್ಯಾಚ್ ಆಡಿ ಚಾಂಪಿಯನ್ ಆದ್ರು, ಅದೇ ಮೊದಲು ಅದೇ ಕೊನೆ, ಆಮೇಲೆ ಫೈನಲ್‌ಗೂ ಹೋಗಿಲ್ಲ. ರಾಚೆಸ್ಟರ್ ಸಣ್ಣ ಊರು, ಟಿಕೆಟ್ ದುಡ್ಡಲ್ಲಿ ಟೀಮ್ ಸಾಕೋದು ಕಷ್ಟ ಆಯ್ತು, 1957ಕ್ಕೆ ಸಿನ್ಸಿನಾಟಿಗೆ ಹೊರಟ್ರು.

ಅಲ್ಲಿ ನಡೆದಿದ್ದನ್ನ ಹೇಳದೆ ಮುಂದೆ ಹೋಗೋಕಾಗಲ್ಲ. 1958ರ ಮಾರ್ಚಲ್ಲಿ, ರೆಗ್ಯುಲರ್ ಸೀಸನ್ನಿನ ಕೊನೇ ಮ್ಯಾಚಲ್ಲಿ, ಮಾರಿಸ್ ಸ್ಟೋಕ್ಸ್ ಅನ್ನೋ ಸ್ಟಾರ್ ಆಟಗಾರ ಬಿದ್ದು ತಲೆ ನೆಲಕ್ಕೆ ಬಡಿದು ಪ್ರಜ್ಞೆ ತಪ್ಪಿದ. ಎಚ್ಚರ ಮಾಡಿಸಿ ಮತ್ತೆ ಆಟಕ್ಕೇ ಕಳಿಸಿದ್ರು! ಮೂರು ದಿನ ಬಿಟ್ಟು ಡೆಟ್ರಾಯಿಟ್‌ನಲ್ಲಿ ಪ್ಲೇಆಫ್ ಮ್ಯಾಚೂ ಆಡಿದ, ವಾಪಸ್ ಬರೋ ವಿಮಾನದಲ್ಲಿ ಕುಸಿದು ಕೋಮಾಗೆ ಹೋದ, ಆಮೇಲೆ ಮೈಗೆ ಲಕ್ವ. ಅವನ ಟೀಮ್‌ಮೇಟ್ ಜಾಕ್ ಟ್ವೈಮನ್‌ಗೆ ಆಗ ಬರೀ 23 ವರ್ಷ. ಕೋರ್ಟ್ ಮೂಲಕ ಗಾರ್ಡಿಯನ್ ಆಗಿ, ಆಸ್ಪತ್ರೆ ಖರ್ಚಿಗೆ ಚಾರಿಟಿ ಮ್ಯಾಚ್ ಮಾಡಿಸಿ, ಸ್ಟೋಕ್ಸ್ 1970ರಲ್ಲಿ ತೀರಿಹೋಗೋವರೆಗೂ ನೋಡ್ಕೊಂಡ. ಒಬ್ಬ ಕಪ್ಪು, ಒಬ್ಬ ಬಿಳಿ, ಆ ಕಾಲದ ಅಮೆರಿಕದಲ್ಲಿ. ಈಗ ಎನ್‌ಬಿಎ ಬೆಸ್ಟ್ ಟೀಮ್‌ಮೇಟ್ ಪ್ರಶಸ್ತಿ ಕೊಡೋದು ಇವರಿಬ್ಬರ ಹೆಸರಲ್ಲೇ.

ಆಮೇಲೆ ಆಸ್ಕರ್ ರಾಬರ್ಟ್‌ಸನ್ ಬಂದ, 1961-62ರಲ್ಲಿ ಇಡೀ ಸೀಸನ್ ಟ್ರಿಪಲ್ ಡಬಲ್ (ಪಾಯಿಂಟ್, ಮಿಸ್ ಆದ ಬಾಲ್ ಹಿಡಿಯೋದು, ಪಾಯಿಂಟ್ ಬರಿಸೋ ಪಾಸ್, ಮೂರರಲ್ಲೂ ಮ್ಯಾಚಿಗೆ ಹತ್ತಕ್ಕೂ ಹೆಚ್ಚು) ಸರಾಸರಿ ಇಟ್ಟ, ಆದ್ರೂ ಕಪ್ ಇಲ್ಲ, ಅವನು ಕಪ್ ಗೆದ್ದಿದ್ದು ಮಿಲ್ವಾಕಿಗೆ ಹೋದ್ಮೇಲೆ. 1972ರಲ್ಲಿ ಟೀಮ್ ಕಾನ್ಸಾಸ್ ಸಿಟಿಗೆ ಹೋಯ್ತು, ಅಲ್ಲಿ ಬೇಸ್‌ಬಾಲ್ ಟೀಮಿಗೆ ಆಗ್ಲೇ ರಾಯಲ್ಸ್ ಅಂತ ಹೆಸರಿತ್ತು, ಅದಕ್ಕೆ ಇವರು ಕಿಂಗ್ಸ್ ಆದ್ರು. 1985ಕ್ಕೆ ಸ್ಯಾಕ್ರಮೆಂಟೊ.

ಒಳ್ಳೇ ಕಾಲ ಅಂದ್ರೆ 2002. ವೆಬರ್, ಡಿವಾಚ್, ಬಿಬಿ, ಸ್ಟೊಯಾಕೊವಿಚ್, ಪಾಸ್ ಮಾಡ್ತಿದ್ದ ಚಂದ ನೋಡ್ಬೇಕಿತ್ತು ನೀವು. ಪಶ್ಚಿಮ ವಿಭಾಗದ ಫೈನಲ್ ಸರಣಿ, ಲಾಸ್ ಏಂಜಲೀಸ್ ಟೀಮ್ ಲೇಕರ್ಸ್ ವಿರುದ್ಧ ನಾಲ್ಕನೇ ಮ್ಯಾಚಲ್ಲಿ 24 ಪಾಯಿಂಟ್ ಮುಂದಿದ್ರು, ಕೊನೇ ಸೆಕೆಂಡಿಗೆ ಎರಡು ಪಾಯಿಂಟ್ ಲೀಡ್. ಲೇಕರ್ಸ್ ಸ್ಟಾರ್‌ಗಳಾದ ಕೋಬಿ ಮಿಸ್, ಶಕೀಲ್ ಮಿಸ್, ಡಿವಾಚ್ ಬಾಲನ್ನ ದೂರ ತಳ್ಳಿದ, ಅದು ಹೋಗಿ ಸೀದಾ ರಾಬರ್ಟ್ ಹೋರಿ ಕೈ ಸೇರ್ತು, ತ್ರೀ ಪಾಯಿಂಟರ್, ಮುಗೀತು, 100-99. ಆರನೇ ಮ್ಯಾಚಲ್ಲಿ ಲೇಕರ್ಸ್‌ಗೆ ಕೊನೇ ಕ್ವಾರ್ಟರ್ ಒಂದ್ರಲ್ಲೇ 27 ಫ್ರೀ ಥ್ರೋ (ಫೌಲ್ ಆದಾಗ ಸಿಗೋ, ಯಾರೂ ಅಡ್ಡ ಬರದ ಎಸೆತ) ಸಿಕ್ತು, ಫ್ಯಾನ್ಸ್ ಇವತ್ತಿಗೂ ರೆಫರಿಗಳನ್ನ ಬೈತಾರೆ. ಬೈಯ್ಲಿ, ಆದ್ರೆ ಏಳನೇ ಮ್ಯಾಚ್ ತಮ್ಮೂರಲ್ಲೇ, 30 ಫ್ರೀ ಥ್ರೋನಲ್ಲಿ ಇವರು ಹಾಕಿದ್ದು 16. ಓವರ್‌ಟೈಮಲ್ಲಿ ಸೋತ್ರು. ಅದಕ್ಕೆ ರೆಫರಿ ಏನ್ಮಾಡ್ತಾನೆ?

2013ರಲ್ಲಿ ಹಳೇ ಓನರ್‌ಗಳು ಸಿಯಾಟಲ್‌ನವರಿಗೆ ಮಾರೋಕೆ ಹೊರಟಾಗ ಸ್ಯಾಕ್ರಮೆಂಟೊ ಮೇಯರ್ ಕೆವಿನ್ ಜಾನ್ಸನ್, ಅವರೂ ಮಾಜಿ ಎನ್‌ಬಿಎ ಆಟಗಾರನೇ, ಓಡಾಡಿ ಬೇರೆ ಖರೀದಿದಾರರನ್ನ ಹುಡುಕಿದ್ರು, ಲೀಗ್ ಓನರ್‌ಗಳು 22-8 ವೋಟಲ್ಲಿ ಸ್ಥಳಾಂತರ ಬೇಡ ಅಂದ್ರು. ರಣದಿವೆ ಬಂದಿದ್ದು ಆಗ. 2016ಕ್ಕೆ ಡೌನ್‌ಟೌನಲ್ಲಿ ಹೊಸ ಅರೀನಾ ಆಯ್ತು, 2019ರಲ್ಲಿ ಟೀಮನ್ನ ಮುಂಬೈಗೂ ಕರ್ಕೊಂಡು ಬಂದ್ರು, ಪೇಸರ್ಸ್ ವಿರುದ್ಧ ಎರಡು ಪ್ರೀಸೀಸನ್ ಮ್ಯಾಚ್, ಎರಡೂ ಸೋತ್ರು ಬಿಡಿ.

2023ರಲ್ಲಿ ಕೊನೆಗೂ ಪ್ಲೇಆಫ್ ಬಂತು, ಗೆದ್ದಾಗೆಲ್ಲ ಅರೀನಾ ಮೇಲಿಂದ ಆಕಾಶಕ್ಕೆ ನೇರಳೆ ಲೇಸರ್ ಬಿಡೋದು ಶುರುವಾಗಿದ್ದೂ ಆ ಸೀಸನ್ನಲ್ಲೇ. ವಾರಿಯರ್ಸ್ ವಿರುದ್ಧ ಏಳನೇ ಮ್ಯಾಚ್‌ವರೆಗೂ ಎಳೆದ್ರು, ಅಲ್ಲಿ ಸ್ಟೆಫ್ ಕರ‍್ರಿ ಒಬ್ಬನೇ 50 ಪಾಯಿಂಟ್ ಹಾಕ್ದ.