ದೇವರನ್ನು ನಂಬುವವರು ದೆವ್ವದ ಕಾದಂಬರಿ ಬರೆಯಬಹುದೇ?

ಧಾರಾಳವಾಗಿ ಬರೆಯಬಹುದು. ನಾನು ದೇವರನ್ನು ನಂಬುವವನು, ದೆವ್ವಗಳು ಬರುವ ಕಾದಂಬರಿಗಳನ್ನೂ ಬರೆಯುತ್ತೇನೆ. ಇಂಥದ್ದನ್ನು ಬರೆದರೆ ನಂಬಿಕೆಗೆ ಅಪಚಾರವಾಗುತ್ತದೆಯೇ, ನಾವೇ ನಂಬದ ದೆವ್ವವನ್ನು ಓದುಗರ ಮುಂದೆ ತಂದು ನಿಲ್ಲಿಸುವುದು ಮೋಸವೇ ಎಂದು ಕೇಳಿದ್ದೀರಿ. ಮನೆಯವರಿಗೂ ಇದು ಇಷ್ಟವಿಲ್ಲ ಎಂದಿದ್ದೀರಿ.

ಮೋಸದ ಮಾತು ಬೇಗ ಮುಗಿಯುತ್ತದೆ. ಕೈಯಲ್ಲಿರುವುದು ಕಥೆ ಎಂದು ಓದುಗರಿಗೆ ಗೊತ್ತಿದೆ. ಓದುವಷ್ಟು ಹೊತ್ತು ಅಪನಂಬಿಕೆಯನ್ನು ಅವರೇ ಮನಸಾರೆ ಬದಿಗಿಡುತ್ತಾರೆ. ಕವಿ ಕೋಲರಿಜ್ ಇದನ್ನು 1817ರಲ್ಲೇ ಹೇಳಿದ್ದಾನೆ. ಇನ್ನು ಬರೆಯುವವರ ಸ್ವಂತ ನಂಬಿಕೆ ಕಥೆಯಲ್ಲಿ ಹಾಗೆಯೇ ಇಳಿಯಬೇಕೆಂದೇನೂ ಇಲ್ಲ. ಸತ್ತವರೊಡನೆ ಮಾತಾಡಬಹುದು ಎಂದು ಲೇಖಕ ಆರ್ಥರ್ ಕಾನನ್ ಡಾಯ್ಲ್ ನಿಜವಾಗಿಯೂ ನಂಬಿದ್ದರು. 1916ರಲ್ಲಿ ಅದನ್ನು ಬಹಿರಂಗವಾಗಿ ಸಾರಿದರು, ಉಳಿದ ಆಯುಷ್ಯದ ಬಹುಭಾಗವನ್ನು ಅದರ ಪ್ರಚಾರಕ್ಕೇ ಕೊಟ್ಟರು. ಆದರೂ 1924ರ ಅವರ ಕಥೆಯೊಂದರಲ್ಲಿ ರಕ್ತಪಿಶಾಚಿಯ ಗುಮಾನಿಯ ಒಂದು ಪ್ರಕರಣ ಅವರೇ ಸೃಷ್ಟಿಸಿದ ಪತ್ತೇದಾರ ಷರ್ಲಾಕ್ ಹೋಮ್ಸ್ ಹತ್ತಿರ ಬಂದಾಗ, ತನ್ನ ಕಸುಬಿನಲ್ಲಿ ದೆವ್ವಗಳಿಗೆ ಜಾಗವಿಲ್ಲ ಎಂದುಬಿಡುತ್ತಾನೆ ಅವನು. ಇತ್ತ ಅಮೆರಿಕದ ಕಥೆಗಾರ ಎಚ್. ಪಿ. ಲವ್‌ಕ್ರಾಫ್ಟ್ ಕಟ್ಟಾ ನಾಸ್ತಿಕ. ಅಲೌಕಿಕ ಭಯದ ಕಥೆಗಳ ಮೇಲೆ ಆತನಷ್ಟು ಪ್ರಭಾವ ಬೀರಿದವರು ಸಿಗುವುದು ಅಪರೂಪ.

ನನ್ನನ್ನು ನಿಜವಾಗಿ ಕಾಡುವುದು ನಿಮ್ಮ ಮೊದಲ ಪ್ರಶ್ನೆ. ನನ್ನ ಮಟ್ಟಿಗೆ, ಕಥೆಯಲ್ಲಿ ನಂಬಿಕೆಗೆ ಪೆಟ್ಟು ಬೀಳುವುದು ಪ್ರತಿಸಲವೂ ಫಲಿಸುವ ಪ್ರಾರ್ಥನೆಯಿಂದ. ದೆವ್ವ ಬಂತು, ಪ್ರಾರ್ಥಿಸಿದರು, ದೆವ್ವ ಓಡಿಹೋಯಿತು. ಸ್ವಿಚ್ ಒತ್ತಿದರೆ ದೀಪ ಹತ್ತಿದ ಹಾಗೆ. ಅಂಥ ಲೋಕದಲ್ಲಿ ದೇವರನ್ನು ನಂಬುವ ಅಗತ್ಯವಾದರೂ ಯಾರಿಗಿದೆ? ಮಂತ್ರ ಬಾಯಿಪಾಠವಾಗಿದ್ದರೆ ಸಾಕು. ಉತ್ತರ ಬರುತ್ತದೋ ಇಲ್ಲವೋ ಗೊತ್ತಿಲ್ಲದೆಯೂ ಕೈಮುಗಿಯುವವರ ಪಾಡು ಅಲ್ಲಿ ಕಾಣುವುದೇ ಇಲ್ಲ.

ಈಗ ನಾನು ಬರೆಯುತ್ತಿರುವ ಕಾದಂಬರಿಯಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳಿದ್ದಾಳೆ. ರಾತ್ರಿ ಹಿತ್ತಿಲ ಬಾಗಿಲ ಚಿಲಕ ಎರಡು ಸಲ ಅಲುಗುತ್ತದೆ, ಅವನು ಅಲುಗಿಸುತ್ತಿದ್ದಂತೆಯೇ. ಅವಳು ಎದ್ದು ಹೋಗುತ್ತಾಳೆ, ಚಿಲಕದ ಮೇಲೆ ಕೈಯಿಡುತ್ತಾಳೆ, ತೆಗೆಯುವುದಿಲ್ಲ. ಇದು ನಿಲ್ಲಲಿ ದೇವರೇ ಎಂದು ಬೇಡಿಕೊಳ್ಳುತ್ತಾಳೆ. ಮರುದಿನದಿಂದ ಸದ್ದು ನಿಂತುಹೋಗುತ್ತದೆ. ಆಗ ಅವಳಿಗೆ ದೇವರ ಮೇಲೆ ಸಿಟ್ಟು ಬರುತ್ತದೆ, ಯಾಕೆಂದರೆ ಅದು ನಿಲ್ಲುವುದು ಅವಳಿಗೆ ಬೇಕಿರಲಿಲ್ಲ. ಬಂದದ್ದು ಮಗನೋ ಗಾಳಿಯೋ, ಪ್ರಾರ್ಥನೆ ಮುಟ್ಟಿತೋ ಇಲ್ಲವೋ, ನಾನು ಎಲ್ಲೂ ಹೇಳುವುದಿಲ್ಲ. ಒಂದನ್ನು ಖಚಿತಪಡಿಸಿದರೂ ಆ ಸಿಟ್ಟಿನ ಬಲ ಹೋಗುತ್ತದೆ.

ಟೊಡೊರೊವ್ ಎಂಬ ವಿಮರ್ಶಕ 1970ರಲ್ಲಿ ಇಂಥ ಕಥೆಗಳ ಬಗ್ಗೆ ಒಂದು ಪುಸ್ತಕ ಬರೆದ. ನಡೆದದ್ದು ಪ್ರಕೃತಿ ನಿಯಮಕ್ಕೆ ಒಳಪಟ್ಟದ್ದೋ ಮೀರಿದ್ದೋ ಎಂಬ ತೊಳಲಾಟ ಇರುವವರೆಗೆ ಮಾತ್ರ ಕಥೆ ಆ ಜಾತಿಯದ್ದು, ತೀರ್ಪು ಬಂದರೆ ಬೇರೆಯದಾಗುತ್ತದೆ ಎನ್ನುತ್ತಾನೆ. ಅವನು ಸಾಹಿತ್ಯದ ಲಕ್ಷಣ ಹೇಳುತ್ತಿದ್ದ. ನನಗೆ ಮಾತ್ರ ಅದು ಆಸ್ತಿಕನ ದಿನನಿತ್ಯದ ಬದುಕಿನ ವಿವರಣೆಯಂತೆಯೇ ಕೇಳಿಸುತ್ತದೆ. ದೆವ್ವದ ಕಥೆ ನನ್ನ ಶ್ರದ್ಧೆಗೆ ಎದುರಾಳಿ ಎಂದು ಅನ್ನಿಸದಿರುವುದು ಇದಕ್ಕೇ.

ಒಂದು ಎಚ್ಚರಿಕೆ ಹೇಳಲೇಬೇಕು. ಜನ ನಿಜವಾಗಿ ಪಠಿಸುವ ಪ್ರಾರ್ಥನೆಗಳನ್ನು, ನಡೆಸುವ ಆಚರಣೆಗಳನ್ನು ಬರೀ ಹೆದರಿಸುವುದಕ್ಕಾಗಿ ತಿರುಚಬೇಡಿ. ಅದರಲ್ಲೂ ನಿಮ್ಮದಲ್ಲದ ಸಮುದಾಯದ್ದಾದರೆ, ಅದನ್ನು ಪಾಲಿಸುವವರನ್ನೇ ಕೇಳಿ ತಿಳಿದುಕೊಂಡು ಬರೆಯಿರಿ.

ಮನೆಯವರಿಗೆ ಕಥೆಯ ಸಾರಾಂಶ ಹೇಳಲು ಹೋಗಬೇಡಿ, ಅವರ ಕಿವಿಗೆ ಬೀಳುವುದು ದೆವ್ವ ಎಂಬ ಒಂದೇ ಮಾತು. ಒಂದು ಅಧ್ಯಾಯ ಮುಗಿಸಿ ಓದಲು ಕೊಡಿ. ಆಮೇಲೂ ಬೇಡವೆಂದರೆ, ಯಾವ ಪುಟದಲ್ಲಿ ಮನಸ್ಸಿಗೆ ನೋವಾಯಿತು ಎಂದು ಕೇಳಿ.