ಮುಂಜಾನೆ ಐದಕ್ಕೇ ಯಾಕೆ ಹೊರಡಬೇಕು? ಚಳಿಗಾಲದ ಸೈಕಲ್ ಪ್ರಶ್ನೆಗಳಿಗೆ ಉತ್ತರ

ದೀಪಾವಳಿ ಮುಗಿದು ಬೀದರಿನಲ್ಲಿ ಥಂಡಿ ಶುರುವಾದರೆ ಸಾಕು, ಯಾರಿಗಾದರೂ ಗುಂಪು ಕಟ್ಟಿಕೊಂಡು ಸೈಕಲ್ ಹೊಡೆಯುವ ಹುಕಿ ಬರುತ್ತದೆ. ಹೋದ ವರ್ಷ ಒಬ್ಬರು ಕೇಳಿದ್ದನ್ನೇ ಈ ವರ್ಷ ಇನ್ನೊಬ್ಬರು ಕೇಳುತ್ತಾರೆ. ನನ್ನನ್ನು ತಜ್ಞ ಅಂತ ಕರೆದಿದ್ದಾರೆ, ನಾನು ರಿಟೈರ್ ಆದ ಪಿ.ಟಿ. ಮಾಸ್ತರ, ಅಷ್ಟೇ. ಹುಡುಗರನ್ನು ಸೈಕಲ್ ಮೇಲೆ ಕರೆದುಕೊಂಡು ಹೋಗಿ ಅಷ್ಟೂ ಮಂದಿಯನ್ನು ತಿರುಗಿ ಮನೆ ಮುಟ್ಟಿಸಿದ್ದೇ ನನ್ನ ಸರ್ಟಿಫಿಕೇಟ್. ಹೆಲ್ಮೆಟ್, ಬ್ರೇಕು, ಬೆಲ್ಲು ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅದೂ ಗೊತ್ತಿಲ್ಲದವರು ಇಂಥ ಕಾರ್ಯಕ್ರಮ ಇಟ್ಟುಕೊಳ್ಳಲೇಬಾರದು.

ಪ್ರಶ್ನೆ: ಥಂಡಿಯಲ್ಲಿ ಸೈಕಲ್ ಹೊಡೆದರೆ ನ್ಯುಮೋನಿಯಾ ಬರುತ್ತದಂತೆ, ನಿಜವೇ? (ಹುಮನಾಬಾದ್)

ನ್ಯುಮೋನಿಯಾ ಬರುವುದು ರೋಗಾಣುವಿನಿಂದ, ಸೈಕಲ್‌ನಿಂದಲ್ಲ. ನಿಮ್ಮ ತಾಯಿಯವರಿಗೂ ಹೇಳಿ.

ಪ್ರಶ್ನೆ: ಟಯರಿಗೆ ನೈಟ್ರೋಜನ್ ಹಾಕಿಸಿದರೆ ಚಳಿಗಾಲಕ್ಕೆ ಒಳ್ಳೆಯದಾ? (ಕಲಬುರಗಿ)

ನೀವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಆ ದುಡ್ಡಿನಲ್ಲಿ ಒಂದು ಪಂಪು ತಗೊಳ್ಳಿ.

ಪ್ರಶ್ನೆ: ನಾವು ಬೀದರಿನ ಕಾಲೇಜು ಗೆಳೆಯರು. ಜನವರಿಯ ಒಂದು ಭಾನುವಾರ 60 ಮಂದಿ ಬೀದರಿನಿಂದ ಹುಮನಾಬಾದಿಗೆ ಹೋಗಿ ಬರಬೇಕು ಅಂತ ಮಾಡಿದ್ದೇವೆ. ಮುಂಜಾನೆ 5ಕ್ಕೆ ಕೋಟೆ ಮುಂದೆ ಫ್ಲ್ಯಾಗ್ ಆಫ್. ಅರ್ಧದಷ್ಟು ಜನ ಹೊಸಬರು. ಎಂಥ ಜಾಕೆಟ್ ಹಾಕಿಸಬೇಕು, ಎಷ್ಟು ಪದರ ಬೇಕು ತಿಳಿಸಿ.

ಈ ಥರದ ಪತ್ರ ಈ ತಿಂಗಳು ಇದು ನಾಲ್ಕನೆಯದು. ನಾಲ್ಕರಲ್ಲೂ 5 ಗಂಟೆ, ನಾಲ್ಕರಲ್ಲೂ ಜಾಕೆಟ್. ಐದಕ್ಕೇ ಯಾಕಪ್ಪಾ? ಬೆಂಗಳೂರಿನವರು ಐದಕ್ಕೆ ಹೊರಡುತ್ತಾರೆ, ಯಾಕೆಂದರೆ ಎಂಟಾದರೆ ಅವರಿಗೆ ರಸ್ತೆಯೇ ಸಿಗುವುದಿಲ್ಲ. ಬೇಸಿಗೆಯಲ್ಲಿ ನಾವೂ ಹೊರಡುತ್ತೇವೆ, ಹತ್ತರ ಮೇಲೆ ನಮ್ಮ ಕಡೆಯ ಬಿಸಿಲು ತಲೆ ಒಡೆಯುತ್ತದೆ. ಜನವರಿಯಲ್ಲಿ ಈ ಎರಡೂ ಕಾರಣ ಇಲ್ಲ. ಆಗ ಬೀದರಿನಲ್ಲಿ ಸೂರ್ಯ ಮೂಡುವುದೇ 6:50ರ ಸುಮಾರಿಗೆ. ಐದಕ್ಕೆ ಬಿಟ್ಟರೆ ಹತ್ತಿರ ಹತ್ತಿರ ಎರಡು ತಾಸು ಕತ್ತಲಲ್ಲಿ ತುಳಿಯಬೇಕು, ಅದೂ ದಿನದ ಅತಿ ಹೆಚ್ಚು ಥಂಡಿಯ ಹೊತ್ತಿನಲ್ಲಿ, ಅದೂ ಅರ್ಧ ಜನ ಹೊಸಬರು.

ಥಂಡಿ ನಿಮ್ಮನ್ನು ಕೊಲ್ಲುವುದಿಲ್ಲ. 10 ಡಿಗ್ರಿ ಇದ್ದಾಗ 20 ಕಿಲೋಮೀಟರ್ ವೇಗದಲ್ಲಿ ಹೋದರೆ ಮೈಗೆ 7 ಡಿಗ್ರಿಯಂತೆ ತಾಗುತ್ತದೆ, ಕಿವಿ ಕೊರೆಯುತ್ತದೆ, ಅಷ್ಟೇ. ಕೊಲ್ಲುವುದು ಕಬ್ಬಿನ ಟ್ರ್ಯಾಕ್ಟರ್. ಜನವರಿ ಅಂದರೆ ಬೀದರ್ ಜಿಲ್ಲೆಯಲ್ಲಿ ಕಬ್ಬು ನುರಿಸುವ ಕಾಲ. ರಾತ್ರಿಯಿಡೀ ಗಾಡಿ ಕಾರ್ಖಾನೆ ಕಡೆ ಓಡುತ್ತಿರುತ್ತವೆ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರ್ಯಾಲಿ, ಕಬ್ಬು ಎರಡೂ ಪಕ್ಕಕ್ಕೆ ಚಾಚಿಕೊಂಡಿರುತ್ತದೆ, ಹಿಂದೆ ಕೆಂಪು ದೀಪ ಇದ್ದರೆ ನಿಮ್ಮ ಪುಣ್ಯ. ಡ್ರೈವರ್ ಪಕ್ಕದಲ್ಲಿ ಇಷ್ಟು ದೊಡ್ಡ ಸೌಂಡ್ ಬಾಕ್ಸ್. ನಿಮ್ಮ ಬೆಲ್ಲೂ ಕೇಳುವುದಿಲ್ಲ, ಕೂಗೂ ಕೇಳುವುದಿಲ್ಲ. ಹಿಂದಿನ ಟ್ರ್ಯಾಲಿ ಹಾವಿನ ಬಾಲದಂತೆ ಆಡುತ್ತದೆ, ಅದನ್ನು ಓವರ್‌ಟೇಕ್ ಮಾಡಲು ಹೋದ ಹುಡುಗ ಮಧ್ಯದಲ್ಲಿ ಸಿಕ್ಕಿಬೀಳುತ್ತಾನೆ.

ಇನ್ನು ರಾಸಿ, ಅಂದರೆ ರಸ್ತೆ ಮೇಲಿನ ಒಕ್ಕಣೆ. ತೊಗರಿ ಕಟಾವಾಗಿ ರಸ್ತೆ ಮೇಲೆ ಬರುವುದೂ ಇದೇ ದಿನಗಳಲ್ಲಿ. ಕಾಳು ಕಟ್ಟಿಕೊಂಡು ಹೋಗುತ್ತಾರೆ, ಗಾಡಿಗಳು ಹತ್ತದಿರಲಿ ಅಂತ ಸುತ್ತ ಇಟ್ಟಿದ್ದ ಕಲ್ಲು ಮಾತ್ರ ಅಲ್ಲೇ ಇರುತ್ತವೆ. ಹಗಲಲ್ಲಿ ಕಾಣುತ್ತದೆ, ಪಕ್ಕಕ್ಕೆ ಹೋಗುತ್ತೀರಿ. ಕತ್ತಲಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲು ಮುಂದಿನ ಚಕ್ರಕ್ಕೆ ಬಡಿದರೆ ಜಾಕೆಟ್ ಎಷ್ಟು ಪದರದ್ದು ಅಂತ ಯಾರೂ ಕೇಳುವುದಿಲ್ಲ.

ಹಾಗಾಗಿ 7ಕ್ಕೆ ಬಿಡಿ. ಮಂಜು ಮುಸುಕಿದ್ದರೆ 7:30. ಅತಿಥಿಗಳು ಬಂದು ಕಾಯುತ್ತಿದ್ದಾರೆ ಅನ್ನಬೇಡಿ, ಅವರಿಗೆ ಒಂದು ಕಪ್ ಚಹಾ ಕೊಡಿ.

ಈಗ ದಾರಿ. ಹುಮನಾಬಾದಿಗೆ ಹೋಗಲು ಸುಮಾರು 50, ಬರಲು 50. ಆ ಊರು ಬೀದರಿಗೆ ನೈಋತ್ಯಕ್ಕಿದೆ. ಚಳಿಗಾಲದಲ್ಲಿ ಇಲ್ಲಿ ಗಾಳಿ ಬೀಸುವುದು ಹೆಚ್ಚಾಗಿ ಮೂಡಣದಿಂದ, ಈಶಾನ್ಯದಿಂದ. ಏನಾಯಿತು? ಹೋಗುವಾಗ ಗಾಳಿ ಬೆನ್ನಿಗೆ. ಹೊಸಬ ಕೂಡ 20ರ ವೇಗದಲ್ಲಿ ಹೋಗುತ್ತಾನೆ, ಫೋಟೊ ತೆಗೆಯುತ್ತಾನೆ, ಸೈಕಲ್ ಇಷ್ಟು ಸುಲಭವೇ ಅನ್ನುತ್ತಾನೆ. ಬರುವಾಗ ಅದೇ ಗಾಳಿ ಎದೆಗೆ. ಕಾಲು ಸೋತಿರುತ್ತದೆ, ವೇಗ 10ಕ್ಕೆ ಇಳಿಯುತ್ತದೆ, 50 ಕಿಲೋಮೀಟರಿಗೆ ಐದು ತಾಸು. ನಡುವೆ ಊಟ, ಚಹಾ, ಪಂಚರ್ ಅಂತ ಮೂರ್ನಾಲ್ಕು ತಾಸು ಹೋದರೆ ಸಂಜೆ ಆರಾಗುತ್ತದೆ, ಸೂರ್ಯ ಮುಳುಗುತ್ತಾನೆ. ಮುಂಜಾನೆ ತಪ್ಪಿಸಿಕೊಂಡ ಕತ್ತಲೆಗೆ ಸಂಜೆ ಹೋಗಿ ಸಿಕ್ಕಿದಂತೆ.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ. ಎಷ್ಟೋ ವರ್ಷದ ಹಿಂದೆ ನಾನೇ ಇದೇ ತಪ್ಪು ಮಾಡಿದ್ದೆ. ಮುಂದಿನವರು ಊರು ಮುಟ್ಟಿ ಜೋಳದ ರೊಟ್ಟಿ ತಿನ್ನುತ್ತಾ ಕೂತಿದ್ದಾರೆ, ಎಣಿಸಿದರೆ ಒಬ್ಬ ಕಮ್ಮಿ. ಗೆಳೆಯನ ಬೈಕ್ ತಗೊಂಡು ವಾಪಸ್ ಹೋದೆ. ಹಳ್ಳಿಖೇಡದ ಹತ್ತಿರ ಒಂದು ಕಿರುಸೇತುವೆ ಕಟ್ಟೆ ಮೇಲೆ ಹುಡುಗ ಕೂತಿದ್ದ, ಸೈಕಲ್ ತಲೆಕೆಳಗಾಗಿ ನಿಂತಿತ್ತು. ಪಂಚರ್. ಅವನ ಹತ್ತಿರ ಟ್ಯೂಬ್ ಇತ್ತು, ಪಂಪೂ ಇತ್ತು. ಆದರೆ ಬೆರಳು ಸೆಟೆದು ವಾಲ್‌ನ ಪುಟ್ಟ ಮುಚ್ಚಳ ತಿರುಗಿಸಲು ಆಗುತ್ತಿರಲಿಲ್ಲ. ಹಲ್ಲಿನಿಂದ ಕಚ್ಚಿ ತಿರುಗಿಸಲು ನೋಡಿದ್ದಾನೆ, ತುಟಿ ಒಡೆದು ರಕ್ತ ಬಂದಿತ್ತು. ಒಂದು ಟ್ಯೂಬ್ ಆಗಲೇ ಬದಲಿಸಿದ್ದನಂತೆ, ಅದೂ ಎರಡು ಫರ್ಲಾಂಗಿಗೆ ಠುಸ್ ಅಂದಿತ್ತು. ಟಯರ್ ಒಳಗೆ ಕೈಯಾಡಿಸಿದರೆ ಮುರಿದ ಜಾಲಿ ಮುಳ್ಳಿನ ತುದಿ ಅಲ್ಲೇ ಕೂತಿದೆ. ಅವನು ನಮ್ಮ ಗುಂಪಿನ ಅತಿ ನಿಧಾನದ ಹುಡುಗ. ಅವನನ್ನು ಕೊನೆಯಲ್ಲಿ ಒಬ್ಬನೇ ಬರಲು ಬಿಟ್ಟಿದ್ದು ನಾನು.

ಅವತ್ತಿನಿಂದ ನನ್ನದು ಒಂದೇ ಲೆಕ್ಕ: ಕೊನೆಯವನಿಗೆ ಹೊಂದುವಂತೆ ಇಡೀ ಕಾರ್ಯಕ್ರಮ ಕಟ್ಟಬೇಕು. ಎಲ್ಲರಿಗಿಂತ ಗಟ್ಟಿ ಸವಾರ ಯಾರಿದ್ದಾನೋ ಅವನು ಎಲ್ಲರಿಗಿಂತ ಹಿಂದೆ. ಅವನಿಗೆ ಬೇಜಾರಾಗುತ್ತದೆ, ಆಗಲಿ. ಪಂಪು, ನಾಲ್ಕು ಟ್ಯೂಬು, ಒಂದು ಉಂಡೆ ಹತ್ತಿ ಅವನ ಚೀಲದಲ್ಲಿ. ಹತ್ತಿ ಯಾಕೆ ಅಂದರೆ, ಟ್ಯೂಬ್ ತೆಗೆದ ಮೇಲೆ ಟಯರಿನ ಒಳಗೆ ಹತ್ತಿ ಉಂಡೆಯನ್ನು ಒಂದು ಸುತ್ತು ಎಳೆದರೆ ಮುಳ್ಳಿದ್ದ ಕಡೆ ಎಳೆ ಸಿಕ್ಕಿಕೊಳ್ಳುತ್ತದೆ, ಸೆಟೆದ ಬೆರಳಿಗೆ ತಿಳಿಯದ್ದು ಹತ್ತಿಗೆ ತಿಳಿಯುತ್ತದೆ. ತೊಗರಿ ಕಟ್ಟಿಗೆಯ ಚೂಪು ತುದಿಗೂ ಇದೇ ಮದ್ದು.

60 ಮಂದಿಯನ್ನು ಒಟ್ಟಿಗೆ ಬಿಡಬೇಡಿ, ಅದು ಜಾತ್ರೆ. ಹತ್ತತ್ತು ಮಂದಿಯ ಆರು ತಂಡ ಮಾಡಿ, ಐದೈದು ನಿಮಿಷ ಬಿಟ್ಟು ಕಳಿಸಿ. ಪ್ರತಿ ತಂಡಕ್ಕೂ ಮುಂದೊಬ್ಬ ಹಿಂದೊಬ್ಬ ಗೊತ್ತಿರುವವನು, ಆ ಗಟ್ಟಿ ಸವಾರ ಕೊನೆಯ ತಂಡದ ಹಿಂದೆ. ಹೆದ್ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು, ಜೋಡಿ ಜೋಡಿಯಾಗಿ ಹರಟೆ ಹೊಡೆಯುತ್ತಾ ಹೋಗುವುದು ಬೇಡ. ನಿಂತ ಕಡೆಯಲ್ಲೆಲ್ಲ ತಲೆ ಎಣಿಸಿ, ಹೆಸರು ಕೂಗಿ ಅಲ್ಲ, ನಂಬರ್ ಹೇಳಿಸಿ. ಹೆಸರು ಕೂಗಿದರೆ ಗೆಳೆಯ ಹೂಂ ಅಂದುಬಿಡುತ್ತಾನೆ. ಮೂವತ್ತು ವರ್ಷ ಹಾಜರಿ ಕರೆದವನ ಮಾತು ಇದು, ನಂಬಿ. ಹಿಂದೆ ಒಂದು ಟೆಂಪೊ ಬರಲಿ, ಸೋತವರನ್ನು ಹತ್ತಿಸಿಕೊಳ್ಳಲು. ಅದಕ್ಕೆ ಹತ್ತಿದವರನ್ನು ಹಂಗಿಸುವವನನ್ನು ಮುಂದಿನ ಸಲ ಕರೆಯಬೇಡಿ. ಪೊಲೀಸ್ ಠಾಣೆಗೆ ದಾರಿ, ಸಮಯ, ಸಂಖ್ಯೆ ಬರೆದು ಮೊದಲೇ ಕೊಡಿ. 108 ಕರೆದರೆ ಬರುತ್ತದೆ, ಆದರೆ ಅದು ನಿಮ್ಮ ಕಾರ್ಯಕ್ರಮಕ್ಕೆ ಬಂದು ನಿಲ್ಲುವ ಗಾಡಿಯಲ್ಲ, ಆಂಬುಲೆನ್ಸ್ ಬೇಕಿದ್ದರೆ ಬೇರೆ ಗೊತ್ತು ಮಾಡಿ.

ಹಾಗಾದರೆ ಎಲ್ಲಿಗೆ ಹೋಗಬೇಕು? ಮೊದಲ ಸಲ ಔರಾದ್ ರಸ್ತೆ ಹಿಡಿದು ಜನವಾಡ ದಾಟಿ ಮಾಂಜ್ರಾ ಸೇತುವೆವರೆಗೆ ಹೋಗಿ ಬನ್ನಿ. ಈಶಾನ್ಯದ ಗಾಳಿ ಹೋಗುವಾಗ ಎದುರಿನಿಂದ ಓರೆಯಾಗಿ ಬರುತ್ತದೆ, ಕಾಲಲ್ಲಿ ಕಸುವಿರುವಾಗಲೇ ಅದು ಮುಗಿಯಲಿ. ಬರುವಾಗ ಹಿಂದಿನಿಂದ ಓರೆಯಾಗಿ. ಒಂದೇ ತೊಂದರೆ, ಬೀದರ್ ಇರುವುದು ಎತ್ತರದ ಮೇಲೆ, ಸುಮಾರು 700 ಮೀಟರ್, ನದಿ ಇರುವುದು ತಗ್ಗಿನಲ್ಲಿ, ಹಾಗಾಗಿ ಕೊನೆಗೆ ಏರು ಸಿಗುತ್ತದೆ. ಇಳಿದು ತಳ್ಳಿಕೊಂಡು ಬರಲಿ, ಮಾನವೇನೂ ಹೋಗುವುದಿಲ್ಲ. ಇದೂ ಜಾಸ್ತಿ ಅನಿಸಿದರೆ ಊರೊಳಗೇ ಸುತ್ತಿ: ಕೋಟೆ, ಚೌಬಾರಾ, ಮಹಮೂದ್ ಗವಾನನ ಮದರಸಾ, ಚೌಖಂಡಿ, ಅಷ್ಟೂರಿನ ಗುಂಬಜ್‌ಗಳು. ನಮ್ಮೂರಿನಲ್ಲೇ ಹುಟ್ಟಿ ಅಷ್ಟೂರು ನೋಡದವರು ನಿಮ್ಮ 60ರಲ್ಲಿ ಎಷ್ಟಿದ್ದಾರೆ ಅಂತ ಒಮ್ಮೆ ಕೇಳಿ ನೋಡಿ.

ಜಾಕೆಟ್ಟು ಕೇಳಿದಿರಿ ಅಲ್ವಾ. ದಪ್ಪ ಜಾಕೆಟ್ ಬೇಡ. ಮೂರು ಕಿಲೋಮೀಟರಿಗೆ ಬೆವರುತ್ತೀರಿ, ಒಳಗಿನ ಹತ್ತಿ ಬನಿಯನ್ ತೊಯ್ದು ಬೆನ್ನಿಗೆ ಅಂಟುತ್ತದೆ, ಚಹಾಕ್ಕೆ ನಿಂತಾಗ ನಡುಕ ಹುಟ್ಟುತ್ತದೆ. ಬೇಗ ಒಣಗುವ ಆಟದ ಅಂಗಿ, ಮೇಲೊಂದು ತೆಳು ಸ್ವೆಟರ್, ಕಿವಿ ಮುಚ್ಚುವಂಥದ್ದು ಒಂದು, ಬೆರಳು ಮುಚ್ಚುವ ಕೈಗವಸು. ಬೆರಳು ಮಾತ್ರ ಮರೆಯಬೇಡಿ, ಬ್ರೇಕ್ ಹಿಡಿಯುವುದು ಅವೇ. ಎದೆಗೆ ಗಾಳಿ ಹೊಡೆಯುತ್ತದೆ ಅಂದರೆ ಹಳೆ ಪೇಪರ್ ಮಡಚಿ ಅಂಗಿಯೊಳಗೆ ಇಟ್ಟುಕೊಳ್ಳಿ. ನಗಬೇಡಿ, ದೊಡ್ಡ ದೊಡ್ಡ ರೇಸಿನವರೂ ಘಟ್ಟ ಇಳಿಯುವಾಗ ಇದನ್ನೇ ಮಾಡುತ್ತಿದ್ದರು. ನಿಂತ ತಕ್ಷಣ ಮೊದಲು ಸ್ವೆಟರ್, ಆಮೇಲೆ ಚಹಾ, ಹದಿನೈದು ನಿಮಿಷದ ಮೇಲೆ ನಿಲ್ಲಬೇಡಿ. ಹೊಲದಲ್ಲಿ ಯಾರಾದರೂ ಸೀತನಿ (ಜೋಳದ ಎಳೆ ತೆನೆ) ಸುಡುತ್ತಿದ್ದರೆ ಇಪ್ಪತ್ತು. ಥಂಡಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದ್ದರಿಂದ ತಂಡದ ಮುಂದಿನವನೇ ಕೂಗಿ ಎಲ್ಲರಿಗೂ ನೀರು ಕುಡಿಸಲಿ.

ಪ್ರಶ್ನೆ: ಹೊರಡುವ ಮುಂಚೆ ಸ್ವಲ್ಪ ಬ್ರಾಂದಿ ತಗೊಂಡರೆ ಮೈ ಬೆಚ್ಚಗಿರುತ್ತದೆ ಅನ್ನುತ್ತಾರೆ. ಇನ್ನೊಬ್ಬರು ಮೊಣಕಾಲು ನೋವಿಗೆ ಒಂದು ಪುಡಿ ಕೊಟ್ಟಿದ್ದಾರೆ, ತಿಂದ ದಿನವೇ ನೋವು ಮಾಯ. (ಭಾಲ್ಕಿ)

ಎರಡೂ ಚರಂಡಿಗೆ. ಕುಡಿದರೆ ಚರ್ಮದ ರಕ್ತನಾಳ ಹಿಗ್ಗುತ್ತವೆ, ಮುಖ ಬಿಸಿ ಅನಿಸುತ್ತದೆ, ಆದರೆ ಒಳಗಿನ ಶಾಖ ಹೊರಗೆ ಸೋರಿಹೋಗುತ್ತದೆ. ಬೆಚ್ಚಗಾದಂತೆ ಅನಿಸುತ್ತಲೇ ತಣ್ಣಗಾಗುತ್ತೀರಿ, ಮೇಲಿಂದ ಹ್ಯಾಂಡಲ್ ಬೇರೆ ಹೊಯ್ದಾಡುತ್ತದೆ. ಇನ್ನು ಪುಡಿ. ಒಳಗೇನಿದೆ ಅಂತ ಚೀಟಿ ಇಲ್ಲದ ಪುಡಿ ತಿಂದ ದಿನವೇ ನೋವು ಹೋಯಿತು ಅಂದರೆ ಖುಷಿ ಪಡಬೇಡಿ, ಹೆದರಿ. ಇಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸುವವರಿದ್ದಾರೆ. ಆ ಪುಡಿ ಮಾರುವವರು ನನ್ನ ಕೈಗೆ ಸಿಕ್ಕರೆ ಮೈದಾನಕ್ಕೆ ಹತ್ತು ಸುತ್ತು ಓಡಿಸುತ್ತೇನೆ. ನಿಮ್ಮ ಸೀಟು ತಗ್ಗಾಗಿದೆಯಾ ನೋಡಿಕೊಳ್ಳಿ. ಪೆಡಲ್ ಪೂರ್ತಿ ಕೆಳಗೆ ಬಂದಾಗ ಮೊಣಕಾಲು ಚೂರೇ ಬಾಗಿರಬೇಕು. ಮೊಣಕಾಲು ನೋವು ಅಂತ ನನ್ನ ಹತ್ತಿರ ಬಂದವರಲ್ಲಿ ಬಹಳ ಮಂದಿಗೆ ಬೇಕಾಗಿದ್ದು ಒಂದು ಪಾನಾ (ಸ್ಪ್ಯಾನರ್), ಅಷ್ಟೇ. ಸೀಟು ಸರಿ ಮಾಡಿದ ಮೇಲೂ ನೋಯುತ್ತಿದ್ದರೆ ಎಲುಬಿನ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನನಗೆ 48, ಬಿಪಿ ಇದೆ, ಗುಳಿಗೆ ತಗೊಳ್ಳುತ್ತೇನೆ. ಸೈಕಲ್ ಬಿಟ್ಟು ಹತ್ತು ವರ್ಷವಾಯಿತು. ಗೆಳೆಯರು ಬಾ ಅನ್ನುತ್ತಿದ್ದಾರೆ, ಬರಬಹುದಾ? (ಕಲಬುರಗಿ)

ನನ್ನ ಗುಂಪಿಗಾದರೆ ಡಾಕ್ಟರ ಚೀಟಿ ಇಲ್ಲದೆ ನಿಮ್ಮನ್ನು ಸೇರಿಸಿಕೊಳ್ಳುವುದಿಲ್ಲ. ಥಂಡಿಗೆ ರಕ್ತನಾಳ ಬಿಗಿಯುತ್ತವೆ, ಬಿಪಿ ಏರುತ್ತದೆ, ಅದರ ಮೇಲೆ ಏಕಾಏಕಿ ದಣಿವು. ನನ್ನದು ಅತಿ ಅನ್ನುವವರಿದ್ದಾರೆ, ಅನ್ನಲಿ. ಡಾಕ್ಟರ್ ಆಗಲಿ ಅಂದರೆ ಇವತ್ತಿನಿಂದ ಬಿಸಿಲೇರಿದ ಮೇಲೆ ದಿನಾ ಐದು ಕಿಲೋಮೀಟರ್ ತುಳಿಯಿರಿ, ಕಾರ್ಯಕ್ರಮಕ್ಕೆ ಮುಂದಿನ ವರ್ಷ ಬನ್ನಿ. ತುಳಿಯುವಾಗ ಎದೆ ಹಿಡಿದಂತಾದರೆ ಅಲ್ಲೇ ಇಳಿದು ಕೂತುಕೊಳ್ಳಿ, ಗ್ಯಾಸ್ ಅಂತ ಸೋಡಾ ಕುಡಿಯುತ್ತಾ ಹೊತ್ತು ಕಳೆಯಬೇಡಿ, 108ಕ್ಕೆ ಫೋನ್ ಮಾಡಿ. ಆಸ್ತಮಾ ಇರುವ ಮಕ್ಕಳ ತಂದೆತಾಯಿಗೂ ಇಲ್ಲೇ ಹೇಳಿಬಿಡುತ್ತೇನೆ: ಒಣ ಥಂಡಿ ಗಾಳಿ, ಮೇಲೆ ರಾಸಿಯ ದೂಳು, ಎರಡೂ ಉಸಿರಿಗೆ ಆಗಿಬರುವುದಿಲ್ಲ. ಡಾಕ್ಟರನ್ನು ಕೇಳಿಯೇ ಕಳಿಸಿ, ಇನ್ಹೇಲರ್ ಮಗುವಿನ ಜೇಬಿನಲ್ಲಿರಲಿ, ಹಿಂದೆ ಬರುವ ಟೆಂಪೊದಲ್ಲಿ ಅಲ್ಲ.

ಪ್ರಶ್ನೆ: ಯಾದಗಿರಿಯಲ್ಲಿ ಸಂಕ್ರಾಂತಿ ದಿನ ಇಟ್ಟುಕೊಂಡರೆ ಹೇಗೆ? ರಜೆ ಇರುತ್ತದೆ.

ಅವತ್ತು ಮೈಲಾಪುರದಲ್ಲಿ ಮಲ್ಲಯ್ಯನ ಜಾತ್ರೆ, ಗೊತ್ತಿಲ್ಲವೇ? ದಾರಿ ತುಂಬ ಜನ, ಗಾಡಿ, ಭಂಡಾರ. ಬೇರೆ ದಿನ ನೋಡಿ. ಎಳ್ಳ ಅಮಾವಾಸ್ಯೆಯೂ ಬೇಡ, ಊರಿಗೆ ಊರೇ ಬುಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೊರಟಿರುತ್ತದೆ, ನಿಮ್ಮ ಸವಾರರೂ ಭಜ್ಜಿ, ಸಜ್ಜೆ ರೊಟ್ಟಿ ಬಿಟ್ಟು ಬರುವುದಿಲ್ಲ. ಕಲಬುರಗಿಯವರು ದತ್ತ ಜಯಂತಿಯಂದು ಗಾಣಗಾಪುರದ ದಾರಿ ಹಿಡಿಯಬೇಡಿ.

ಪ್ರಶ್ನೆ: ಜನವರಿ ಮೊದಲ ವಾರ ಕಾರ್ಯಕ್ರಮ. ಮುಗಿಸಿದವರಿಗೆ ಮೆಡಲ್ ಬದಲು ಬಿದರಿ ಕೆಲಸದ ಸಣ್ಣ ಬಿಲ್ಲೆ ಕೊಡೋಣ ಅಂತಿದ್ದೇವೆ. (ಬೀದರ್)

ಒಳ್ಳೆಯ ವಿಚಾರ. ಆದರೆ ಅದು ಅಚ್ಚಿನಲ್ಲಿ ಒತ್ತಿ ಬಿಸಾಕುವ ತಗಡಲ್ಲ. ಸತುವಿನ ಮಿಶ್ರಲೋಹ ಎರಕ ಹೊಯ್ದು, ಕೊರೆದು, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಹಾಕಿ ಕಪ್ಪು ಬರಿಸಬೇಕು, ಎಲ್ಲಾ ಕೈಕೆಲಸ. ಡಿಸೆಂಬರ್ 20ಕ್ಕೆ ಹೋಗಿ 60 ಕೊಡಿ ಅಂದರೆ ಬೈಸಿಕೊಂಡು ಬರುತ್ತೀರಿ. ಈ ಸಲ ಮುಗಿಸಿದವರಿಗೆಲ್ಲ ಶೇಂಗಾ ಹೋಳಿಗೆ ಕೊಟ್ಟು ಕಳಿಸಿ, ಬಿಲ್ಲೆಗೆ ಮುಂದಿನ ದಸರೆ ಮುಂಚೆಯೇ ಹೇಳಿಡಿ. ಮುಂಗಡ ಕೊಟ್ಟೇ ಹೇಳಿ.